ಅರವತ್ತೊಂದನೆಯ ಮಗು

ಅಕ್ಕನ ಮಗಳಿಗೆ ಈ ಏಪ್ರಿಲ್‌ನಲ್ಲಿ ಆರು ತುಂಬಿತು. ಜೂನ್ 1ಕ್ಕೆ ಆರು ವರ್ಷ ಪೂರ್ತಿಯಾಗಿರಬೇಕೆಂಬ ನಿಯಮದ ಲೆಕ್ಕದಲ್ಲಿ ಒಂದನೇ ಕ್ಲಾಸಿಗೆ ಸರಿಯಾದಳು. ಅವಳ ವಿಷಯದಲ್ಲಿ ತಕರಾರಿಲ್ಲದೆ ಇತ್ಯರ್ಥವಾದ ಸಂಗತಿ ಅದೊಂದೇ. ಯಾವ ಶಾಲೆ ಎಂಬುದು ಡಿಸೆಂಬರ್‌ನಿಂದಲೇ ಮನೆಯಲ್ಲಿ ಊಟದ ಹೊತ್ತಿನ ಮಾತಾಗಿತ್ತು. ಅಕ್ಕ, ಭಾವ ಇರುವುದು ಭದ್ರಾವತಿಯ ಹಳೇನಗರದಲ್ಲಿ. ಭಾವ ದಿನಾ ಶಿವಮೊಗ್ಗಕ್ಕೆ ಹೋಗಿ ಗಾಂಧಿ ಬಜಾರಿನ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಅಕ್ಕ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ನಾನು ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ನಾಲ್ಕನೇ ವರ್ಷದ ಸಂಶೋಧನಾ ವಿದ್ಯಾರ್ಥಿ. ಸಮಾಜಶಾಸ್ತ್ರ, ಅದರಲ್ಲೂ ಶಿಕ್ಷಣ ಮತ್ತು ಅಸಮಾನತೆ. "ನೀನು ಇದನ್ನೇ ಓದ್ತಿದೀಯಲ್ಲ, ಶಾಲೆ ನೋಡೋಕೆ ನೀನೂ ಬಾ" ಅಂದಳು ಅಕ್ಕ. ಥೀಸಿಸ್‌ನಿಂದ ಮನೆಗೊಂದು ಉಪಯೋಗವಾಗುವುದಾದರೆ ಆಗಲಿ ಎಂದು ಹೊರಟೆ.

ಹೋಗುವ ಮುಂಚೆ ಒಂದು ಪಟ್ಟಿ ಮಾಡಿಕೊಂಡಿದ್ದೆ. ಒಬ್ಬ ಶಿಕ್ಷಕರಿಗೆ ಎಷ್ಟು ಮಕ್ಕಳು, ಶಿಕ್ಷಕರು ಎಷ್ಟು ವರ್ಷ ಅಲ್ಲೇ ಉಳಿಯುತ್ತಾರೆ, ಗ್ರಂಥಾಲಯದ ಪುಸ್ತಕಗಳು ಬೀರುವಿನೊಳಗೆ ಹೊಸದಾಗೇ ಇವೆಯೋ ಅಥವಾ ಮಕ್ಕಳ ಕೈಯಲ್ಲಿ ಸವೆದಿವೆಯೋ, ಆಟದ ಪೀರಿಯಡ್ ನಿಜವಾಗಿ ನಡೆಯುತ್ತದೆಯೋ ಅಥವಾ ಗಣಿತಕ್ಕೆ ಹೋಗುತ್ತದೆಯೋ. ಒಳ್ಳೆಯ ಪ್ರಶ್ನೆಗಳೇ. ಶಾಲೆ ನೋಡಲು ಹೊರಟ ಯಾರಾದರೂ ಇವನ್ನು ಕೇಳಬಹುದು. ಅಕ್ಕನ ಹತ್ತಿರ ಪಟ್ಟಿ ಇರಲಿಲ್ಲ. ಎಲ್ಲಿ ಹೋದರೂ ಅವಳು ಮೊದಲು ಮಕ್ಕಳ ಶೌಚಾಲಯಕ್ಕೆ ಹೋಗಿ ಚಿಲಕ ಎಷ್ಟು ಎತ್ತರದಲ್ಲಿದೆ ಎಂದು ನೋಡುತ್ತಿದ್ದಳು. ಆಮೇಲೆ ಆಯಾ ಹತ್ತಿರ ನಿಂತು ಏನೋ ಮಾತಾಡುತ್ತಿದ್ದಳು. ತೋರಿಸುವವರು ಸ್ಮಾರ್ಟ್ ಬೋರ್ಡಿನ ಮುಂದೆ ನಮಗಾಗಿ ಕಾಯುತ್ತಿರುತ್ತಿದ್ದರು.

ಮೊದಲು ಹೋದದ್ದು ಶಿವಮೊಗ್ಗದ ಹೊರವಲಯದ ಒಂದು ದೊಡ್ಡ ಶಾಲೆಗೆ. ಹೆಸರು ಬೇಡ, ಅಲ್ಲಿ ನಡೆದದ್ದು ಅಲ್ಲಿ ಮಾತ್ರ ನಡೆಯುವಂಥದ್ದೇನಲ್ಲ. ಪ್ರಿನ್ಸಿಪಾಲರು ನಮ್ಮನ್ನು ಕೂರಿಸಿ, ಮೇಜಿನ ಮೇಲಿದ್ದ ಪೆನ್ಸಿಲ್ ಎತ್ತಿ ಅದರ ಬಣ್ಣ ಯಾವುದು ಎಂದು ಪುಟ್ಟಿಯನ್ನು ಇಂಗ್ಲಿಷಿನಲ್ಲಿ ಕೇಳಿದರು. ಪುಟ್ಟಿ "ಹಸಿರು" ಅಂದಳು. ಇಂಗ್ಲಿಷಿನಲ್ಲಿ ಹೇಳು ಅಂದರು. ಎರಡು ವರ್ಷ ಎಲ್‌ಕೆಜಿ, ಯುಕೆಜಿ ಮುಗಿಸಿದ ಹುಡುಗಿಗೆ 'ಗ್ರೀನ್' ಗೊತ್ತಿಲ್ಲದೆ ಇಲ್ಲ. ಆದರೆ ಸರಿಯಾದ ಉತ್ತರ ಹೇಳಿದ ಮೇಲೂ ಮತ್ತೆ ಯಾಕೆ ಕೇಳುತ್ತಾರೆ ಎಂಬುದು ಅವಳಿಗೆ ತಿಳಿಯಲಿಲ್ಲ. ಅಮ್ಮನ ಮುಖ ನೋಡಿದಳು. ಅಮ್ಮ ನೆಲ ನೋಡುತ್ತಿದ್ದಳು, ಏಕೆಂದರೆ ಅವಳ ಮುಂದೆ ಒಂದು ಫಾರ್ಮ್ ಇತ್ತು. ಅದರಲ್ಲಿ ತಂದೆಯ ವಿದ್ಯಾರ್ಹತೆ, ತಾಯಿಯ ವಿದ್ಯಾರ್ಹತೆ ಎಂದು ಎರಡು ಕಾಲಂಗಳಿದ್ದವು.

2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಇದನ್ನು ನಿಷೇಧಿಸುತ್ತದೆ. ಸೇರಿಸಿಕೊಳ್ಳುವಾಗ ಮಗುವನ್ನಾಗಲಿ, ಹೆತ್ತವರನ್ನಾಗಲಿ ಪರೀಕ್ಷೆ ಮಾಡಿ ಸೋಸುವಂತಿಲ್ಲ. ಮೊದಲ ಸಲಕ್ಕೆ 25,000 ರೂಪಾಯಿವರೆಗೆ, ಮುಂದಿನ ಪ್ರತಿ ಸಲಕ್ಕೆ 50,000 ರೂಪಾಯಿವರೆಗೆ ದಂಡ. ನನ್ನ ಎರಡನೇ ಅಧ್ಯಾಯದಲ್ಲಿ ಇದಕ್ಕೆ ಮೂರು ಪುಟ ಇದೆ. ಆ ಕೋಣೆಯಲ್ಲಿ ಅದನ್ನು ಹೇಳಬಲ್ಲವನು ನಾನೊಬ್ಬನೇ. ನಾನು ಹೇಳಿದ್ದು ಬೇರೆ. ನನಗೆ ಬರುವುದರಲ್ಲೇ ಒಳ್ಳೆಯ ಇಂಗ್ಲಿಷಿನಲ್ಲಿ, ನಾನು ಈ ಮಗುವಿನ ಸೋದರಮಾವ, ಪಿಎಚ್‌.ಡಿ. ಮಾಡುತ್ತಿದ್ದೇನೆ, ಮನೆಯಲ್ಲಿ ಓದಿಸಲು ನಾನಿದ್ದೇನೆ ಎಂದೆ. ಅವರ ಮುಖ ಅರಳಿತು. ಕಾಫಿ ತರಿಸಿದರು. ಫಾರ್ಮಿನ ಆ ಎರಡು ಕಾಲಂ ಆಮೇಲೆ ಭರ್ತಿ ಮಾಡಿದರೂ ನಡೆಯುತ್ತದೆ ಎಂದರು.

ನಿಜ ಹೇಳಬೇಕೆಂದರೆ ಆ ಕ್ಷಣ ನನಗೆ ಖುಷಿಯಾಯಿತು. ವಾಪಸ್ ಬರುವಾಗ ಬಸ್ಸು ಮಲವಗೊಪ್ಪ ದಾಟಿದ ಮೇಲೆ ಆ ಖುಷಿ ಹುಳಿಯಾಗತೊಡಗಿತು. ಸೋಸುವ ಜರಡಿ ತಪ್ಪು ಎಂದು ಬರೆಯುತ್ತಿರುವವನು ನಾನು. ಆದರೆ ಜರಡಿಯನ್ನು ಪ್ರಶ್ನಿಸುವ ಬದಲು ನಮ್ಮ ಹುಡುಗಿ ಅದರಿಂದ ಪಾರಾಗುವಂತೆ ನೋಡಿಕೊಂಡೆ. ಅದೇ ಕುರ್ಚಿಯಲ್ಲಿ ನಮ್ಮ ಹಿಂದೆ ಕೂರಲಿದ್ದ ಮಗುವಿಗೆ ಪಿಎಚ್‌.ಡಿ. ಮಾಡುವ ಮಾಮ ಇದ್ದಾನೋ ಇಲ್ಲವೋ. ಅಕ್ಕನಿಗೆ ಹೇಳಿದೆ. "ನೀನು ಜಗಳ ಆಡಿದ್ರೆ ಆ ಮಗುಗೆ ಸೀಟು ಸಿಗ್ತಿತ್ತಾ? ನಮಗೂ ಹೋಗ್ತಿತ್ತು, ಅಷ್ಟೆ" ಅಂದಳು. ಇದಕ್ಕೆ ಉತ್ತರ ನನ್ನ ಹತ್ತಿರ ಆಗಲೂ ಇರಲಿಲ್ಲ, ಈಗಲೂ ಪೂರ್ತಿ ಇಲ್ಲ.

ಶಿವಮೊಗ್ಗದ ಕೋಟೆ ಮಾರಿಕಾಂಬ ಜಾತ್ರೆಯಲ್ಲಿ ಚಿಕ್ಕವನಿದ್ದಾಗ ನಾನು ಅಪ್ಪನ ಹೆಗಲ ಮೇಲೆ ಕೂತು ದೇವಿಯನ್ನು ನೋಡಿದ್ದೆ. ಹೆಗಲ ಮೇಲಿರುವ ಮಗುವಿಗೆ ಕಾಣುತ್ತದೆ, ಅದರ ಹಿಂದೆ ನಿಂತ ಮಗುವಿಗೆ ಕಾಣುವುದಿಲ್ಲ. ಹಾಗಾಗಿ ಅದರ ಅಪ್ಪನೂ ಎತ್ತಿಕೊಳ್ಳುತ್ತಾನೆ. ಕೊನೆಗೆ ಎಲ್ಲರ ಹೆಗಲೂ ನೋಯುತ್ತದೆ, ಹೆಗಲು ಕೊಡುವವರಿಲ್ಲದ ಮಗು ಬೆನ್ನುಗಳನ್ನು ನೋಡುತ್ತ ನಿಲ್ಲುತ್ತದೆ. ಮಗುವಿಗೆ ಒಳ್ಳೆಯ ಶಾಲೆ ಬೇಕು ಎಂಬ ಮಾತಿನೊಳಗೆ ಎರಡು ಬೇರೆ ಬೇರೆ ಆಸೆಗಳಿವೆ ಎಂದು ನನಗೆ ಅನ್ನಿಸುವುದು ಇದರಿಂದ. ಒಂದು, ನನ್ನ ಮಗು ಚೆನ್ನಾಗಿ ಓದಲಿ, ಬರೆಯಲಿ, ಹೆದರದೆ ಮಾತಾಡಲಿ ಎಂಬುದು. ಇದು ಯಾರಿಂದಲೂ ಏನನ್ನೂ ಕಸಿಯುವುದಿಲ್ಲ. ಇನ್ನೊಂದು, ನನ್ನ ಮಗು ಉಳಿದವರಿಗಿಂತ ಮುಂದಿರಲಿ ಎಂಬುದು. ಇದಕ್ಕೆ ಯಾರಾದರೂ ಹಿಂದೆ ಇರಲೇಬೇಕು. ಶಾಲೆಗಳ ಫ್ಲೆಕ್ಸುಗಳು ಮೊದಲನೆಯದರ ಭಾಷೆಯಲ್ಲಿ ಎರಡನೆಯದನ್ನು ಮಾರುತ್ತವೆ. ಕೊಳ್ಳುವ ನಮಗೂ ಯಾವುದಕ್ಕೆ ದುಡ್ಡು ಕೊಟ್ಟೆವು ಎಂದು ಗೊತ್ತಾಗುವುದಿಲ್ಲ.

ಆದರೆ ಇಷ್ಟು ಹೇಳಿ ತಂದೆತಾಯಿಯರನ್ನು ಬೈಯುವುದು ಸುಲಭದ ಕೆಲಸ. ಭದ್ರಾವತಿಯಂಥ ಊರಿನಲ್ಲಿ ಈ ಆಸೆಗೊಂದು ಚರಿತ್ರೆಯಿದೆ. 1923ರಲ್ಲಿ ಉತ್ಪಾದನೆ ಶುರುಮಾಡಿದ ಕಬ್ಬಿಣದ ಕಾರ್ಖಾನೆ, ಆಮೇಲೆ ಬಂದ ಕಾಗದದ ಕಾರ್ಖಾನೆ, ಇವೆರಡರ ಸೈರನ್ನಿಗೆ ಊರು ಏಳುತ್ತಿತ್ತು, ಮಲಗುತ್ತಿತ್ತು. ಎಸ್ಸೆಸ್ಸೆಲ್ಸಿ ಫೇಲಾದವನಿಗೂ ಅಪ್ಪನ ಕಾರ್ಖಾನೆಯಲ್ಲಿ ಏನಾದರೊಂದು ಕೆಲಸ ಸಿಕ್ಕೀತು ಎಂಬ ಧೈರ್ಯ ಇತ್ತು. ಕಾಗದದ ಕಾರ್ಖಾನೆ ನಿಂತು ಹತ್ತು ವರ್ಷದ ಮೇಲಾಯಿತು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಬಂತು, ಅದೇ ವರ್ಷ ಒಂದಿಷ್ಟು ಕೆಲಸ ಮತ್ತೆ ಶುರುವಾಯಿತು. ಈಗಿನ ತಂದೆತಾಯಿ ಮಕ್ಕಳಿಗೆ ಬಿಟ್ಟುಹೋಗಲು ಗದ್ದೆ, ಕಾರ್ಖಾನೆಯ ನೌಕರಿ ಎರಡೂ ಇಲ್ಲ. ಉಳಿದಿರುವುದು ಶಾಲೆಯೊಂದೇ. ಹಾಗಿದ್ದಾಗ ಭಾವನಂಥವರು ಸಂಬಳದ ಮೂರರಲ್ಲೊಂದು ಪಾಲನ್ನು ಫೀಸಿಗೆ ಎತ್ತಿಡಲು ತಯಾರಾದರೆ ಅದನ್ನು ಬರೀ ಪ್ರತಿಷ್ಠೆ ಎನ್ನಲಾಗುವುದಿಲ್ಲ.

"ಆರ್‌ಟಿಇ ಸೀಟಿಗೆ ಅರ್ಜಿ ಹಾಕಬಹುದಾ?" ಎಂದು ಭಾವ ಒಮ್ಮೆ ಕೇಳಿದರು. ಅವರ ಅಂಗಡಿಯಲ್ಲಿ ಕೆಲಸ ಮಾಡುವ ಒಬ್ಬರ ಮಗ ಕೆಲವು ವರ್ಷಗಳ ಹಿಂದೆ ಹಾಗೆ ಸೇರಿದ್ದನಂತೆ. ಖಾಸಗಿ ಶಾಲೆಗಳ ಶೇ. 25 ಸೀಟುಗಳು ಬಡಮಕ್ಕಳಿಗೆ ಎಂಬ ನಿಯಮ ನಮ್ಮ ರಾಜ್ಯದಲ್ಲಿ 2012ರಿಂದ ಜಾರಿಯಲ್ಲಿತ್ತು. 2019ರಲ್ಲಿ ಸರ್ಕಾರ ಅದನ್ನು ಬದಲಿಸಿತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಇಲ್ಲ. ಅದೇ ವರ್ಷ ಹೈಕೋರ್ಟು ಈ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಸರ್ಕಾರವೇ ದುಡ್ಡು ಕೊಟ್ಟು ತನ್ನ ಶಾಲೆಗಳನ್ನು ಖಾಲಿ ಮಾಡಿಸುವುದು ಯಾಕೆ ಎಂಬ ವಾದದಲ್ಲಿ ಹುರುಳಿದೆ ಎಂದೇ ನಾನು ಬರೆದಿದ್ದೇನೆ. ಭಾವನಿಗೆ ಅದನ್ನು ವಿವರಿಸಿದಾಗ ಅವರು, "ಅಂದ್ರೆ ದುಡ್ಡಿದ್ದೋರಿಗೆ ಮಾತ್ರ ಆಯ್ಕೆ" ಅಂದರು. ನನ್ನ ಅಧ್ಯಾಯದಲ್ಲಿ ಆ ವಾಕ್ಯ ಇಲ್ಲ, ಸೇರಿಸಬೇಕು.

ಎರಡನೇ ಶಾಲೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಶಿವಮೊಗ್ಗದ್ದೇ, ಒಳ್ಳೆಯ ಹೆಸರಿನದು. ಆದರೆ ಭದ್ರಾವತಿಯಿಂದ ಬರುವ ವ್ಯಾನು ಮನೆಮನೆ ಸುತ್ತಿ ತಲುಪಲು ಒಂದೂಕಾಲು ಗಂಟೆ. ಹೋಗುತ್ತ ಬರುತ್ತ ದಿನಕ್ಕೆ ಎರಡೂವರೆ ಗಂಟೆ. ಆರು ವರ್ಷದ ಮಗುವಿನ ಆಟವೆಲ್ಲ ವ್ಯಾನಿನಲ್ಲೇ ಮುಗಿಯುತ್ತದೆ ಎಂದು ಅಕ್ಕ ಒಂದೇ ಮಾತಿನಲ್ಲಿ ತಳ್ಳಿಹಾಕಿದಳು.

ಮೂರನೆಯದು ನಾನು ಓದಿದ ಶಾಲೆ. ಅಕ್ಕನ ಮನೆಯಿಂದ ನಡೆದರೆ ಏಳು ನಿಮಿಷ, ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ, ಒಂದರಿಂದ ಐದನೇ ತರಗತಿ. ಅಲ್ಲಿಗೆ ಹೋಗೋಣ ಎಂದದ್ದು ನಾನು. ಅಕ್ಕ ಬರಲು ಒಪ್ಪಿದ್ದು ನನ್ನ ಮಾತು ಮೀರಬಾರದೆಂದು. ಅಲ್ಲಿ ನಮಗೆ ಶಾಲೆ ತೋರಿಸಲು ಯಾರೂ ಇರಲಿಲ್ಲ, ಮುಖ್ಯ ಶಿಕ್ಷಕಿ ನಾಲ್ಕು ಮತ್ತು ಐದನೇ ತರಗತಿಗೆ ಒಟ್ಟಿಗೆ ಪಾಠ ಮಾಡುತ್ತಿದ್ದರು. "ನೀವೇ ನೋಡ್ತಿರಿ, ಬಂದೆ" ಅಂದರು. ಇದೇ ಒಳ್ಳೆಯದಾಯಿತು. ನಲಿಕಲಿ ಕೋಣೆಯ ಬಾಗಿಲಲ್ಲಿ ಇಪ್ಪತ್ತು ನಿಮಿಷ ನಿಂತೆವು. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಬೆರೆತು ಗುಂಪುಗುಂಪಾಗಿ ನೆಲದ ಮೇಲೆ ಕೂತಿದ್ದರು. ಮಕ್ಕಳ ಕೈಗೆ ಎಟಕುವ ಎತ್ತರದಲ್ಲಿ ಗೋಡೆಗೆ ಕಪ್ಪುಹಲಗೆ. ಇಲ್ಲಿ ಅ ಆ ಇ ಈ ಎಂದು ಶುರುವಾಗುವುದಿಲ್ಲ, ರ ಗ ಸ ದ ಅ ಎಂದು ಶುರುವಾಗುತ್ತದೆ. ಸುಲಭದ ಆಕಾರದ ಅಕ್ಷರಗಳು ಮೊದಲು, ನಾಲ್ಕೈದು ಕಲಿತ ಕೂಡಲೇ ಪದ ಕಟ್ಟಬಹುದು. ಎಚ್.ಡಿ. ಕೋಟೆಯ ಶಾಲೆಗಳಲ್ಲಿ 1995ರ ಸುಮಾರಿಗೆ ಶಿಕ್ಷಕರೇ ಸೇರಿ ರೂಪಿಸಿಕೊಂಡ ಈ ಪದ್ಧತಿ ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಒಬ್ಬ ದೊಡ್ಡ ಹುಡುಗಿ ತನ್ನ ಕಾರ್ಡು ಬದಿಗಿಟ್ಟು ಪಕ್ಕದ ಚಿಕ್ಕವನ ಬೆರಳು ಹಿಡಿದು 'ಗ' ತಿದ್ದಿಸುತ್ತಿದ್ದಳು. ಅವನು ಮಾತಾಡುತ್ತಿದ್ದದ್ದು ಕನ್ನಡವಲ್ಲ, ಕಟ್ಟಡ ಕೆಲಸಕ್ಕೆ ಬಂದವರ ಮಗನಂತೆ. ನಾನು ಅಕ್ಕನಿಗೆ ಕಣ್ಣಿನಲ್ಲೇ 'ನೋಡು' ಅಂದೆ. ಅವಳು ನೋಡುತ್ತಿದ್ದದ್ದು ಕೋಣೆಯ ಮೂಲೆಯಲ್ಲಿ ಏನೂ ಮಾಡದೆ ಕೂತಿದ್ದ ಇಬ್ಬರನ್ನು. ಇಪ್ಪತ್ತು ನಿಮಿಷದಲ್ಲಿ ಮಿಸ್ ಅವರ ಹತ್ತಿರ ಹೋಗಲು ಆಗಿರಲಿಲ್ಲ.

ಆಮೇಲೆ ಅಕ್ಕ ಅಡುಗೆ ಕೋಣೆಗೆ ಹೋಗಿ ಬಿಸಿಯೂಟದ ಅಮ್ಮನನ್ನು ಕೇಳಿದಳು: "ಸಣ್ಣ ಮಕ್ಳು ಚಡ್ಡಿ ಒದ್ದೆ ಮಾಡ್ಕೊಂಡ್ರೆ ಏನ್ ಮಾಡ್ತೀರಿ?" ಆಕೆ ನಕ್ಕು, "ಏನ್ ಮಾಡಾದು, ತೊಳ್ಸಿ ಬೇರೆ ಚಡ್ಡಿ ಹಾಕದು. ಎರಡು ಜೊತೆ ಇಟ್ಟೀನಿ" ಎಂದು ಕಪಾಟು ತೋರಿಸಿದಳು. ದೊಡ್ಡ ಶಾಲೆಯ ಆಯಾ ಇದೇ ಪ್ರಶ್ನೆಗೆ "ಮನೆಗೆ ಫೋನ್ ಮಾಡ್ತೀವಿ" ಅಂದಿದ್ದಳಂತೆ. ಇದನ್ನು ಅಕ್ಕ ನನಗೆ ಹೇಳಿದ್ದು ರಾತ್ರಿ, ಅದೂ ಈ ಶಾಲೆಯ ಪರವಾಗಿ ಅಲ್ಲ, ಸುಮ್ಮನೆ.

ಮುಖ್ಯ ಶಿಕ್ಷಕಿ ಊಟದ ಹೊತ್ತಿಗೆ ಬಂದು ಏನನ್ನೂ ಮುಚ್ಚಿಡದೆ ಹೇಳಿದರು. ಒಟ್ಟು 60 ಮಕ್ಕಳು, ಇಬ್ಬರು ಶಿಕ್ಷಕಿಯರು. ಒಬ್ಬರು ತರಬೇತಿಗೋ ಸಮೀಕ್ಷೆಗೋ ಹೋದರೆ ಇನ್ನೊಬ್ಬರೇ ಎಲ್ಲ. "ಕಾಯ್ದೆಯಲ್ಲಿ 60ರವರೆಗೆ ಇಬ್ಬರು, 61 ಆದ್ರೆ ಮೂವರು ಅಂತ ಇದೆ. ಈ ಸಲ ಒಂದು ಮಗು ಜಾಸ್ತಿ ಆದ್ರೂ ನಾನು ಬಿಇಒ ಆಫೀಸಲ್ಲಿ ಗಟ್ಟಿಯಾಗಿ ಕೇಳಬಹುದು ನೋಡಿ" ಅಂದರು. ಪುಟ್ಟಿಯ ತಲೆ ಸವರಿದರು.

ನೈತಿಕ ಪ್ರಶ್ನೆಗಳಲ್ಲಿ ನಮ್ಮ ಮಾಮೂಲಿ ಸಮಾಧಾನ ಒಂದಿದೆ, 'ನಾನೊಬ್ಬ ಮಾಡಿದರೆ ಏನಾಗುತ್ತದೆ' ಎಂಬುದು. ಸಾಗರಕ್ಕೆ ಒಂದು ಹನಿ. ಅಲ್ಲಿ ಆ ಸಮಾಧಾನವೂ ಇರಲಿಲ್ಲ. ಒಂದು ಮಗು ಎಂದರೆ, ಕಾಗದದ ಮೇಲಾದರೂ, ಒಬ್ಬ ಶಿಕ್ಷಕಿ. ಮೂಲೆಯಲ್ಲಿ ಕೂತ ಆ ಇಬ್ಬರು ಮಕ್ಕಳ ಹತ್ತಿರ ಹೋಗಬಹುದಾದ ಶಿಕ್ಷಕಿ.

ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರಲ್ಲಿ ಬರೆದ ಒಂದು ಸಣ್ಣ ಪುಸ್ತಕ ನನ್ನ ಮೇಜಿನ ಮೇಲೆ ಸದಾ ಇರುತ್ತದೆ. ಒಂದು ಸಂಸ್ಥೆ ಕೆಡತೊಡಗಿದಾಗ ಅದನ್ನು ನೆಚ್ಚಿದವರಿಗೆ ಎರಡು ದಾರಿ, ಬಿಟ್ಟುಹೋಗುವುದು ಅಥವಾ ದನಿಯೆತ್ತುವುದು. ನೈಜೀರಿಯಾದಲ್ಲಿ ಲಾರಿಗಳ ಪೈಪೋಟಿ ಇದ್ದರೂ ಅಲ್ಲಿನ ರೈಲ್ವೆ ಯಾಕೆ ಸುಧಾರಿಸಲಿಲ್ಲ ಎಂಬ ಒಗಟಿನಿಂದ ಅವನು ಇದಕ್ಕೆ ಬಂದ. ದನಿಯೆತ್ತಬಲ್ಲ ಗಿರಾಕಿಗಳೆಲ್ಲ ಲಾರಿಗೆ ಹೋದ ಮೇಲೆ ರೈಲ್ವೆಯನ್ನು ಕೇಳುವವರೇ ಉಳಿಯಲಿಲ್ಲ. ಶಾಲೆಗಳ ಬಗ್ಗೆಯೂ ಅವನು ಇದನ್ನೇ ಹೇಳುತ್ತಾನೆ. ಗುಣಮಟ್ಟದ ಬಗ್ಗೆ ಅತಿ ಹೆಚ್ಚು ತಲೆಕೆಡಿಸಿಕೊಳ್ಳುವ ಪೋಷಕರೇ ಮೊದಲು ಹೊರಡುವವರು, ಅವರು ಹೋದ ಮೇಲೆ ಶಾಲೆ ಇನ್ನಷ್ಟು ಕೆಡುತ್ತದೆ. ನಮ್ಮ ಕಾಯ್ದೆಯಲ್ಲಿ ಇದಕ್ಕೊಂದು ವಿಚಿತ್ರ ಪೂರಕವಿದೆ. ಸರ್ಕಾರಿ ಶಾಲೆಯ ಎಸ್‌ಡಿಎಂಸಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರಿರಬೇಕು. ಅನುದಾನರಹಿತ ಖಾಸಗಿ ಶಾಲೆಗೆ ಈ ನಿಯಮವೇ ಇಲ್ಲ. ಅಂದರೆ ಚಿಲಕದ ಎತ್ತರ ನೋಡುವ ನನ್ನ ಅಕ್ಕನಿಗೆ ಕಾನೂನು ಕುರ್ಚಿ ಹಾಕಿಟ್ಟಿರುವುದು ಅವಳು ಬೇಡವೆನ್ನುವ ಶಾಲೆಯಲ್ಲಿ. ಅವಳು ದುಡ್ಡು ಕೊಡಲು ಹೊರಟ ಶಾಲೆಯಲ್ಲಿ ಅವಳಿಗಿರುವ ಹಕ್ಕು ಟಿ.ಸಿ. ತೆಗೆದುಕೊಳ್ಳುವುದು.

ಇದನ್ನೆಲ್ಲ ಆ ರಾತ್ರಿ ಅಕ್ಕನ ಮುಂದೆ ಹೇಳಿದೆ. ಸ್ವಲ್ಪ ಜೋರಾಗೇ ಹೇಳಿದೆ ಅನ್ನಿಸುತ್ತದೆ. ನೆರೆಹೊರೆಯ ಸಮಾನ ಶಾಲೆ ಬೇಕೆಂದು 1964–66ರ ಕೊಠಾರಿ ಆಯೋಗವೇ ಹೇಳಿತ್ತು, ನಮ್ಮ ಜಿಲ್ಲೆಯವರೇ ಆದ ಅನಂತಮೂರ್ತಿಯವರು ಇದಕ್ಕಾಗಿ ಮತ್ತೆ ಮತ್ತೆ ವಾದಿಸಿದರು, 2015ರಲ್ಲಿ ಅಲಹಾಬಾದ್ ಹೈಕೋರ್ಟು ಸರ್ಕಾರಿ ನೌಕರರ ಮಕ್ಕಳು ಸರ್ಕಾರಿ ಶಾಲೆಯಲ್ಲೇ ಓದಬೇಕೆಂದು ಆದೇಶಿಸಿತ್ತು ಎಂದೆಲ್ಲ. ಅಕ್ಕ ಹೊಲಿಗೆ ಮಷಿನ್ ನಿಲ್ಲಿಸಿ ಕೇಳಿದಳು: "ಆ ನೌಕರರು ಕಳಿಸಿದ್ರಾ?" ಇಲ್ಲ ಅಂದೆ. "ನಿಮ್ಮ ಯೂನಿವರ್ಸಿಟಿ ಮೇಷ್ಟ್ರುಗಳ ಮಕ್ಳು ಎಲ್ಲೋದ್ತಾರೆ?" ಸುಮ್ಮನಾದೆ. "ಮತ್ತೆ ಬ್ಲೌಸ್ ಹೊಲಿಯೋಳ ಮಗಳಿಂದಲೇ ಶುರು ಮಾಡ್ಬೇಕಾ ಇದನ್ನ? ನೋಡು, ನಿನ್ನ ಥೀಸಿಸ್ಸಿಗೆ ನನ್ನ ಮಗಳು ಸ್ಯಾಂಪಲ್ ಅಲ್ಲ ಕಣೋ."

ಮನುಷ್ಯರನ್ನು ಬರೀ ಸಾಧನವಾಗಿ ಬಳಸಬಾರದು ಎಂದು ಕಾಂಟ್ ಹೇಳಿದ್ದನ್ನು ನಾನು ಎಂ.ಎ. ತರಗತಿಯಲ್ಲಿ ಓದಿದ್ದೆ. ಅರ್ಥವಾದದ್ದು ಆ ರಾತ್ರಿ. ನನಗೆ ನನ್ನ ತತ್ವವನ್ನು ಬದುಕಿ ತೋರಿಸುವ ಆಸೆಯಿದ್ದರೆ ಅದಕ್ಕೆ ನನ್ನ ಬದುಕಿದೆ. ಪಿಯುಸಿಯಲ್ಲಿ ಇಂಗ್ಲಿಷ್ ಅರ್ಥವಾಗದೆ ಹಿಂದಿನ ಬೆಂಚಿನಲ್ಲಿ ಕೂತು ಅತ್ತಿದ್ದು ನಾನೇ, ಅದನ್ನು ದಾಟಲು ನನಗೆ ಐದು ವರ್ಷ ಹಿಡಿಯಿತು ಎಂಬುದನ್ನು ಅಕ್ಕ ಮರೆತಿಲ್ಲ. ಕನ್ನಡ ಶಾಲೆಯ ಹಿರಿಮೆ ಹೇಳುವವರ ಮಕ್ಕಳು ಇಂಗ್ಲಿಷ್ ಶಾಲೆಯಲ್ಲಿ ಓದಿ, ಹೇಳಿಸಿಕೊಂಡವರ ಮಕ್ಕಳು ಮಾತ್ರ ಅಲ್ಲೇ ಉಳಿದರು ಎಂಬ ದಲಿತ ಚಿಂತಕರ ಸಿಟ್ಟು ಸುಮ್ಮನೆ ಹುಟ್ಟಿದ್ದಲ್ಲ.

ಬ್ರಿಟನ್ನಿನ ತತ್ವಶಾಸ್ತ್ರಜ್ಞ ಆಡಂ ಸ್ವಿಫ್ಟ್ ಈ ಇಕ್ಕಟ್ಟಿನ ಮೇಲೇ 2003ರಲ್ಲಿ ಒಂದು ಪುಸ್ತಕ ಬರೆದ. ಖಾಸಗಿ ಶಾಲೆಗಳೇ ಇರಬಾರದು ಎನ್ನುವವನು ತನ್ನ ಮಗುವನ್ನು ಅಲ್ಲಿಗೆ ಕಳಿಸಿದರೆ ಆಷಾಢಭೂತಿಯೇ ಎಂಬುದು ಅವನ ಪ್ರಶ್ನೆ. ಯಾವಾಗಲೂ ಅಲ್ಲ ಎನ್ನುತ್ತಾನೆ. ನಿಮಗೆ ಸಿಗುವ ಸಾರ್ವಜನಿಕ ಶಾಲೆ 'ಸಾಕಷ್ಟು ಒಳ್ಳೆಯದು' ಎಂಬ ಮಟ್ಟಕ್ಕಿಂತ ಕೆಳಗಿದ್ದರೆ ಮಗುವನ್ನು ಬೇರೆಡೆ ಕಳಿಸಬಹುದು. ಆ ಮಟ್ಟದಲ್ಲಿದ್ದರೂ ಇನ್ನೂ ಮುಂದಿರಲಿ ಎಂದು ಕಳಿಸಿದರೆ ಸಮರ್ಥನೆಯಿಲ್ಲ. ಕೇಳಲು ಅಚ್ಚುಕಟ್ಟಾಗಿದೆ. ಆದರೆ 'ಸಾಕಷ್ಟು' ಎಂಬುದನ್ನು ಯಾರು ಅಳೆಯಬೇಕು? ಎರಡು ಜೊತೆ ಚಡ್ಡಿ ಇಟ್ಟ ಕಪಾಟು ಸಾಕೇ? ಮೂಲೆಯಲ್ಲಿ ಕೂತ ಇಬ್ಬರು ಮಕ್ಕಳು ಸಾಲದೇ? ನಾನು ಬಾಗಿಲಲ್ಲಿ ನಿಂತು ಬೆರಳು ಹಿಡಿದು ತಿದ್ದಿಸುವ ಹುಡುಗಿಯನ್ನು ನೋಡಿದೆ, ಅಕ್ಕ ಮೂಲೆಯನ್ನು ನೋಡಿದಳು. ನನಗೆ ಅಲ್ಲೊಂದು ಸಮಾಜ ಕಂಡಿತು, ಅವಳಿಗೆ ತನ್ನ ಮಗಳು ಕೂರಬಹುದಾದ ಜಾಗ ಕಂಡಿತು. ಮಗುವಿನ ತಾಯಿ ಹಾಗೆ ನೋಡದೆ ಇನ್ನು ಯಾರು ನೋಡಬೇಕು ಎಂದು ಕೇಳಿದರೆ ಅದೂ ಸರಿ. ಎಲ್ಲ ತಾಯಂದಿರೂ ಹಾಗೇ ನೋಡಿದ್ದರಿಂದಲೇ ಆ ಮೂಲೆ ಹಾಗಿದೆ ಎಂದರೆ ಅದೂ ಸುಳ್ಳಲ್ಲ.

ಕೊನೆಗೆ ಪುಟ್ಟಿ ಸೇರಿದ್ದು ದೊಡ್ಡ ಶಾಲೆಗಲ್ಲ. ಕಾಫಿ ಕುಡಿಸಿದ ಪ್ರಿನ್ಸಿಪಾಲರ ಫೀಸು ಭಾವನ ಕೈಗೆ ಎಟಕಲಿಲ್ಲ. ಹಳೇನಗರದಲ್ಲೇ ಇರುವ ಒಂದು ಸಾಧಾರಣ ಇಂಗ್ಲಿಷ್ ಮೀಡಿಯಂ ಶಾಲೆಗೆ, ಮೂರು ಕಂತಿನ ಫೀಸಿಗೆ, ಮಾರ್ಚ್ ಕೊನೆಯಲ್ಲಿ ಸೇರಿಸಿದರು. ಒಂದು ಸೆಕ್ಷನ್ನಿಗೆ 42 ಮಕ್ಕಳು, ನನ್ನ ಪಟ್ಟಿಯ ಮೊದಲ ಪ್ರಶ್ನೆಯಲ್ಲೇ ಫೇಲು. ಆದರೆ ಚಿಲಕ ಕೆಳಗಿದೆ, ಮನೆ ಹತ್ತಿರ, ಅಕ್ಕನೇ ಮಧ್ಯಾಹ್ನ ಊಟ ತೆಗೆದುಕೊಂಡು ಹೋಗಬಹುದು. ಫಾರ್ಮ್ ತುಂಬುವಾಗ ನಾನೂ ಇದ್ದೆ. ತಾಯಿಯ ವಿದ್ಯಾರ್ಹತೆ ಎಂಬಲ್ಲಿ ಅಕ್ಕ 'ಎಸ್ಸೆಸ್ಸೆಲ್ಸಿ' ಎಂದು ಕನ್ನಡದಲ್ಲಿ ಬರೆದಳು. ಮೊದಲ ಕಂತಿನಲ್ಲಿ ಐದು ಸಾವಿರ ನನ್ನ ಫೆಲೋಶಿಪ್ಪಿನದು. ಕೊಡುವಾಗ ಯಾವ ತತ್ವವೂ ಅಡ್ಡ ಬರಲಿಲ್ಲ.

ಮೇ ತಿಂಗಳ ಕೊನೆಯ ವಾರ ಹಾಸ್ಟೆಲಿನಲ್ಲಿದ್ದಾಗ ನನಗೊಂದು ಫೋನ್ ಬಂತು. ಹಳೆಯ ಶಾಲೆಯ ಮುಖ್ಯ ಶಿಕ್ಷಕಿ. ಜನವರಿಯಲ್ಲಿ ನಂಬರ್ ಬರೆದುಕೊಟ್ಟದ್ದು ನನಗೆ ಮರೆತೇಹೋಗಿತ್ತು. ದಾಖಲಾತಿ ಆಂದೋಲನ ನಡೀತಿದೆ, ಐದನೇ ಕ್ಲಾಸಿನಿಂದ ಹನ್ನೊಂದು ಮಕ್ಕಳು ಹೊರಗೆ ಹೋದರು, ಒಂದನೇ ಕ್ಲಾಸಿಗೆ ಈವರೆಗೆ ಹನ್ನೊಂದು ಸೇರಿದ್ದಾರೆ ಅಂದರು. ಲೆಕ್ಕ ನಾನೇ ಮಾಡಿಕೊಂಡೆ. "ನಿಮ್ಮ ಅಕ್ಕನ ಮಗಳದು ಏನಾಯ್ತು? ಬಂದ ದಿನ ತುಂಬಾ ಚೆನ್ನಾಗಿ ಮಾತಾಡಿದ್ಳು ನನ್ನ ಹತ್ರ."

"ಇನ್ನೂ ತೀರ್ಮಾನ ಆಗಿಲ್ಲ ಮೇಡಂ" ಅಂದೆ.

"ಹಾಗಾದ್ರೆ ಒಂದು ವಾರ ನೋಡ್ತೀನಿ, ಆಯ್ತಾ?" ಅಂದರು ಅವರು.